ಎಳೆಯ ಕೈಗಳ ನೊವ್ರುಜ್

ಕಾಸ್ಪಿಯನ್ ಸಮುದ್ರದ ಪಶ್ಚಿಮ ತೀರದಲ್ಲಿರುವ ಅಜರ್‌ಬೈಜಾನ್ ದೇಶದಲ್ಲಿ, ಕಚೇರಿಯ ವರ್ಷವು ಜನವರಿಯಲ್ಲಿಯೇ ಬದಲಾಗುವುದಾದರೂ, ಋತುವಿನೊಡನೆ ಬರುವ ಹೊಸ ವರ್ಷವು ಹಗಲಿರುಳುಗಳು ಸಮನಾಗುವ ಮಾರ್ಚ್ 20 ಅಥವಾ 21ರಂದು ಆರಂಭವಾಗುತ್ತದೆ. ಅಲ್ಲಿಯವರು ನೊವ್ರುಜ್ ಎಂದು ಕರೆಯುವ ಈ ಹಬ್ಬವನ್ನು ಚಿತ್ರಕಲೆಯ ಮೂಲಕ ಮಕ್ಕಳಿಗೆ ಪರಿಚಯಿಸಲು ಹೊರಟವರು, ಅಚ್ಚಾದ ರೇಖಾಚಿತ್ರವೊಂದನ್ನು ಅವರ ಮುಂದಿಟ್ಟು, ಗೆರೆ ದಾಟದಂತೆ ಬಣ್ಣ ತುಂಬಿರೆಂದು ಹೇಳಿ ಕೃತಾರ್ಥರಾಗುವುದುಂಟು. ಬಿತ್ತುವುದು, ಮಡಿಚುವುದು, ಕೆತ್ತುವುದು, ಬಣ್ಣ ಕಟ್ಟುವುದು, ವೇಷ ಹಾಕುವುದು ಇವೆಲ್ಲವೂ ಸೇರಿಯೇ ಹಬ್ಬವೆನಿಸಿಕೊಂಡಿರುವಲ್ಲಿ, ಅದರ ಚಿತ್ರವನ್ನು ಮಾತ್ರ ಮಕ್ಕಳ ಕೈಗಿತ್ತು ಹಬ್ಬವನ್ನು ಹಿರಿಯರು ತಮ್ಮಲ್ಲಿಯೇ ಇಟ್ಟುಕೊಳ್ಳುವುದು ನನಗೆ ಸರಿಯೆಂದು ತೋರುವುದಿಲ್ಲ.

ಹಬ್ಬವು ಒಂದೇ ದಿನದಲ್ಲಿ ಬಂದಿಳಿಯುವುದಿಲ್ಲ. ಅದಕ್ಕೆ ಮೊದಲಿನ ನಾಲ್ಕು ಮಂಗಳವಾರಗಳು ಸಾಮಾನ್ಯವಾಗಿ ಕ್ರಮದಿಂದ ನೀರು, ಬೆಂಕಿ, ಗಾಳಿ, ಮಣ್ಣು ಎಂಬ ನಾಲ್ಕು ಭೂತಗಳಿಗೆ ಮೀಸಲು. ಮೊದಲು ನೀರು ಎಚ್ಚರಗೊಂಡು, ಬಳಿಕ ಬೆಂಕಿಯು ಶೀತವನ್ನೋಡಿಸಿ, ಗಾಳಿಯು ಮೊಗ್ಗುಗಳನ್ನು ತಟ್ಟಿ, ಕೊನೆಗೆ ಭೂಮಿಯು ಉಸಿರಾಡತೊಡಗುವುದೆಂಬುದು ಜನಪದದ ಭಾವನೆ. ಆ ಮಂಗಳವಾರಗಳ ಸಂಜೆ ಬೀದಿಬೀದಿಗಳಲ್ಲಿ ಬೆಂಕಿಯುರಿಸಿ, ಕಳೆದ ವರ್ಷದ ಭಾರವೆಲ್ಲ ಅದರಲ್ಲಿ ಸುಟ್ಟುಹೋಗಲೆಂದು ಹಾರೈಸುತ್ತ ಜ್ವಾಲೆಯ ಮೇಲಿಂದ ಹಾರುವರು. ಚಿತ್ರಕಲೆಯ ಉಪಾಧ್ಯಾಯನಿಗೆ ಇದಕ್ಕಿಂತ ಸಿದ್ಧವಾದ ಪಾಠಕ್ರಮ ಬೇರೆಲ್ಲಿ ದೊರೆತೀತು? ನೀರಿನ ವಾರದಲ್ಲಿ ತೊಯ್ದ ಕಾಗದದ ಮೇಲೆ ಜಲವರ್ಣವನ್ನು ಹರಿಯಬಿಡಬಹುದು. ಬೆಂಕಿಯ ವಾರದಲ್ಲಿ ಇದ್ದಲಿನಿಂದಲೇ ಬೆಂಕಿಯನ್ನು ಬರೆಸಬಹುದು. ಗಾಳಿಯ ವಾರಕ್ಕೆ ಕಾಗದದ ಗಿರಿಗಿಟ್ಟಲೆ, ಮಣ್ಣಿನ ವಾರಕ್ಕೆ ಜೇಡಿಮಣ್ಣು. ಬೆಂಕಿ ಹಾರುವುದನ್ನು ಮಾತ್ರ ಕಾಗದದ ಮೇಲೆಯೇ ಇರಿಸಿಕೊಳ್ಳುವುದು ಕ್ಷೇಮ.

ಕಾಗದವನ್ನೇ ಬೇಡದ ಕಲಾಕೃತಿಯೊಂದು ಈ ಹಬ್ಬದಲ್ಲಿದೆ; ಅದು ಸೆಮೆನಿ. ಗೋಧಿಯನ್ನು ನೆನೆಯಿಟ್ಟು, ತಟ್ಟೆಯಲ್ಲಿ ಒತ್ತೊತ್ತಾಗಿ ಹರಡಿ, ಒದ್ದೆ ಬಟ್ಟೆ ಮುಚ್ಚಿ, ದಿನವೂ ನೀರು ಚಿಮುಕಿಸುತ್ತ ಬಂದರೆ, ಮೊದಲು ಬಿಳಿಯ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತಾಗಿ, ಅದರ ಮೇಲೆ ಹಸುರು ಗರಿಗಳು ನೆಟ್ಟಗೆ ಏಳುತ್ತವೆ. ಗೇಣುದ್ದಕ್ಕೆ ಸಮೀಪಿಸಿದಾಗ ನಡುವಿಗೆ ಕೆಂಪು ರಿಬ್ಬನ್ನು ಕಟ್ಟುತ್ತಾರೆ. ಹಸುರು ಹಸುರೇ ಎಂದು ಒಂದೇ ಬಣ್ಣದ ಕಡ್ಡಿಯನ್ನು ಉಜ್ಜುವ ಮಗುವು, ಈ ತಟ್ಟೆಯನ್ನು ದಿನಕ್ಕೊಂದಾವರ್ತಿ ನೋಡಿ ಬರೆಯತೊಡಗಿತೆಂದರೆ, ಬುಡದ ಹಳದಿಗೂ ತುದಿಯ ಕಡುಹಸುರಿಗೂ ನಡುವೆ ಎಷ್ಟು ಹಸುರುಗಳಿವೆಯೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸೆಮೆನಿಯ ಸುತ್ತಲೂ ಹಬ್ಬದ ಹರಿವಾಣವನ್ನು ಅಲಂಕರಿಸುವರು. ಖೊಂಚಾ ಎಂದು ಅದರ ಹೆಸರು. ಒಣಹಣ್ಣು, ಬೀಜಗಳು, ಬಣ್ಣದ ಮೊಟ್ಟೆಗಳು, ಮನೆಯ ಒಬ್ಬೊಬ್ಬರಿಗೂ ಒಂದೊಂದು ಮೇಣದ ಬತ್ತಿ, ಇವುಗಳ ಜೊತೆಗೆ ಮೂರು ಬಗೆಯ ತಿಂಡಿಗಳಿರುತ್ತವೆ: ಅರಿಸಿನ ಸೋಂಪುಗಳ ಮಸಾಲೆ ತುಂಬಿದ, ಮೇಲೆ ಗಸಗಸೆ ಉದುರಿಸಿದ ದುಂಡನೆಯ ಪದರರೊಟ್ಟಿಯಾದ ಗೊಘಾಲ್ ಸೂರ್ಯನೆಂದೂ, ವಜ್ರಾಕೃತಿಯಲ್ಲಿ ಕೊಯ್ದ ಪಾಖ್ಲಾವಾ ನಕ್ಷತ್ರವೆಂದೂ, ಶೆಕೆರ್‌ಬುರಾ ಚಂದ್ರನೆಂದೂ ಹೇಳುವ ವಾಡಿಕೆಯುಂಟು. ಈ ಮೂರರಲ್ಲಿ ಶೆಕೆರ್‌ಬುರಾದ ಮುಂದೆ ಸ್ವಲ್ಪ ನಿಲ್ಲಬೇಕು. ನಮ್ಮ ಕರ್ಜಿಕಾಯಿಯಂತೆಯೇ ಇದೂ ಅರ್ಧಚಂದ್ರಾಕೃತಿ. ಆದರೆ ಕರಿಯುವುದಲ್ಲ, ಬೇಯಿಸುವುದು. ಒಳಗಿನ ಹೂರಣ ಬಾದಾಮಿ ಅಥವಾ ಹೇಜಲ್ ಬೀಜದ ಪುಡಿ, ಸಕ್ಕರೆ, ಏಲಕ್ಕಿ. ಅಂಚನ್ನು ಹೆರಳಿನಂತೆ ಹೊಸೆದು ಮುಚ್ಚಿದ ಮೇಲೆ, ಹಲ್ಲುಗಳುಳ್ಳ ಮಗ್ಗಾಶ್ ಎಂಬ ಪುಟ್ಟ ಚಿಮಟದಿಂದ ಮೇಲ್ಮೈಯನ್ನು ಸಾಲುಸಾಲಾಗಿ ಚಿವುಟುತ್ತ ಹೋಗುವರು. ಒಂದು ಸಾಲು ಎಡಕ್ಕೊಲೆದರೆ ಮತ್ತೊಂದು ಬಲಕ್ಕೊಲೆದು, ನೋಡುತ್ತಿರುವಂತೆಯೇ ಗೋಧಿಯ ತೆನೆಯೊಂದು ಮೂಡುತ್ತದೆ. ಜೋರಾಗಿ ಚಿವುಟಿದರೆ ಕಣಕ ಹರಿದು ಹೂರಣ ಹೊರಬೀಳುತ್ತದೆ. ಮೆಲ್ಲನೆ ಚಿವುಟಿದರೆ ಒಲೆಯ ಶಾಖಕ್ಕೆ ಗೆರೆ ಮಾಯವಾಗುತ್ತದೆ. ಕೆತ್ತಿದ ಗೆರೆ ಎದ್ದು ಕಾಣಬೇಕಾದುದರಿಂದ, ಕೆಂಪಗಾಗಗೊಡದೆ ಬೆಳ್ಳಗಿರುವಾಗಲೇ ಹೊರತೆಗೆಯುವರು. ಅಜ್ಜಿ, ತಾಯಿ, ನೆರೆಯ ಹೆಂಗಸರು ಮೇಜಿನ ಸುತ್ತ ಕುಳಿತು ಹರಟುತ್ತ ಈ ಕೆಲಸದಲ್ಲಿ ತೊಡಗಿರುವಾಗ, ಮಕ್ಕಳ ಕೈಗೂ ಒಂದು ಚಿಮಟ ಬರುವುದು. ಒಲೆಯಿಲ್ಲದ ಶಾಲೆಯಲ್ಲಿ ಇದನ್ನೇ ಉಪ್ಪು ಮೈದಾಗಳ ಕಣಕದಿಂದ ಮಾಡಿಸಬಹುದು. ರುಚಿಯೊಂದು ನಷ್ಟವೇ ಸರಿ.

ಈ ಅಡಿಗೆಮನೆಯ ಶಿಕ್ಷಣಕ್ಕೆ ಎಂಥ ಬಲವಿದ್ದಿತೆಂಬುದಕ್ಕೆ ಇತಿಹಾಸದ ಸಾಕ್ಷ್ಯವಿದೆ. ಸೋವಿಯತ್ ಆಡಳಿತದ ದಶಕಗಳಲ್ಲಿ ನೊವ್ರುಜ್ ಬೀದಿಯಲ್ಲಿ ಆಚರಿಸತಕ್ಕ ಹಬ್ಬವಾಗಿರಲಿಲ್ಲ. ಪಕ್ಷದ ಕೇಂದ್ರ ಸಮಿತಿಯ ಕಾರ್ಯದರ್ಶಿಯಾಗಿದ್ದ ಶಿಖಾಲಿ ಗುರ್ಬಾನೊವ್ ಅವರ ಪ್ರಯತ್ನದಿಂದ 1967ರಲ್ಲಿ ಅದು ಬಹಿರಂಗಕ್ಕೆ ಬಂದಾಗ, ಸೆಮೆನಿ ಬಿತ್ತುವುದನ್ನೂ ಶೆಕೆರ್‌ಬುರಾ ಚಿವುಟುವುದನ್ನೂ ಜನರಿಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. 2009ರಲ್ಲಿ ಯುನೆಸ್ಕೋ ಈ ಹಬ್ಬವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಾಗ, ಹೆಸರು ಸೂಚಿಸಿದ ರಾಷ್ಟ್ರಗಳಲ್ಲಿ ಅಜರ್‌ಬೈಜಾನಿನೊಡನೆ ಭಾರತವೂ ಇದ್ದಿತು. ನಮ್ಮಲ್ಲಿ ಪಾರ್ಸಿಗಳು ಆಚರಿಸುವ ಮಾರ್ಚ್ 21ರ ಜಮ್‌ಶೇದಿ ನವ್‌ರೋಜ್ ಇದರ ದಾಯಾದಿ.

ಇನ್ನು ಕೋಸಾನ ಮಾತು. ಒಳಮೈ ಹೊರಗಾಗಿ ತೊಟ್ಟ ತುಪ್ಪಳದ ಕೋಟು, ದಿಂಬು ತುರುಕಿದ ಹೊಟ್ಟೆ, ಚೂಪು ಟೊಪ್ಪಿಗೆ, ಮುಖವಾಡ, ಕೊರಳಲ್ಲಿ ಗಂಟೆ. ಜೊತೆಗೆ ಕೆಚೆಲ್ ಎಂಬ ಬೋಳುತಲೆಯ ಚೇಷ್ಟೆಗಾರ. ಮನೆಮನೆಯ ಮುಂದೆ ಕುಣಿದು ಕಾಣಿಕೆ ಕೇಳುವ ಈ ಕೋಸಾ ಮುಗಿಯುತ್ತಿರುವ ಚಳಿಗಾಲದ ಪ್ರತಿರೂಪ. ಹಳೆಯ ಆಟದಲ್ಲಿ ಆಡೊಂದು ಅವನನ್ನು ಹಾಯ್ದು ಕೆಡಹುವುದು, ಅವನು ಬಿದ್ದನೆಂದು ನೋಟಕರು ನಲಿಯುವರು. ವಸಂತಕನ್ಯೆಯ ಪಾತ್ರಕ್ಕೆ ಹೂವಿನ ಕಿರೀಟವಿದ್ದರೂ, ಆಯ್ಕೆಯನ್ನು ಮಕ್ಕಳಿಗೇ ಬಿಟ್ಟರೆ ಬಹುಮಂದಿ ಕೋಸಾನೇ ಆಗಬಯಸಿಯಾರೆಂದು ನನ್ನ ಊಹೆ. ಬೀಳುವ ಸುಖವೇ ಅಂಥದು. ಹಳೆಯ ಗೋಣಿತಟ್ಟು, ರಟ್ಟು, ಉಣ್ಣೆಯ ಎಳೆಗಳಿದ್ದರೆ ಮುಖವಾಡಕ್ಕೆ ಸಾಕು.

ಟೊಪ್ಪಿಗೆ ಎಸೆಯುವ ಆಟವೂ ಮಕ್ಕಳದೇ. ಮುಸ್ಸಂಜೆಯಲ್ಲಿ ಬಾಗಿಲು ತಟ್ಟಿ, ಹೊಸ್ತಿಲ ಮೇಲೆ ಟೊಪ್ಪಿಗೆಯನ್ನೆಸೆದು ಅವರು ಅವಿತುಕೊಳ್ಳುವರು. ಎಸೆದವರಾರೆಂದು ಹುಡುಕದೆ ಮನೆಯವರು ಅದರಲ್ಲಿ ತಿಂಡಿಯನ್ನೋ ಹಣ್ಣನ್ನೋ ಇಡುವರು. ಇಂಥ ಟೊಪ್ಪಿಗೆಯನ್ನು ಬಟ್ಟೆಯ ಚೂರುಗಳಿಂದ ಮಕ್ಕಳೇ ಹೊಲಿದು, ಅಜರ್‌ಬೈಜಾನಿನ ಜಮಖಾನೆಗಳಲ್ಲೆಲ್ಲ ಕಾಣುವ, ತುದಿ ಬಾಗಿದ ಹನಿಯಾಕಾರದ ಬುತಾವನ್ನು ಅದರ ಮೇಲೆ ಬಿಡಿಸಬಹುದು. ಕನ್ನಡಿಗರಿಗೆ ಸೀರೆಯ ಮೇಲಿನ ಮಾವಿನಕಾಯಿಯಾಗಿ ಆ ಆಕೃತಿಯ ಪರಿಚಯವಿದೆ.

ಮೊಟ್ಟೆಗಳಿಗೆ ಬಣ್ಣ ಕಟ್ಟಲು ಈರುಳ್ಳಿಯ ಸಿಪ್ಪೆಯೇ ಸಾಕು. ಅದರೊಡನೆ ಬೇಯಿಸಿದ ಮೊಟ್ಟೆ ಕೆಂಗಂದು ಬಣ್ಣ ತಳೆಯುತ್ತದೆ. ಬೇಯಿಸುವ ಮೊದಲು ಕೊತ್ತಂಬರಿಯ ಎಲೆಯೊಂದನ್ನು ಅದಕ್ಕೊತ್ತಿ ತೆಳುಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ್ದರೆ, ಬಿಚ್ಚಿದಾಗ ಎಲೆಯ ಆಕೃತಿ ನಸುಬಣ್ಣದಲ್ಲಿ ಉಳಿದಿರುತ್ತದೆ. ಇಷ್ಟು ಚೆಲುವಾದುದನ್ನು ಗಾಜಿನ ಕಪಾಟಿನಲ್ಲಿಡೋಣವೆಂದು ಹಿರಿಯರಿಗೆ ಆಸೆಯಾಗುವುದು ಸಹಜ. ಮಕ್ಕಳಾದರೋ ಹಬ್ಬದ ದಿನ ಅವನ್ನು ಮುಷ್ಟಿಯಲ್ಲಿ ಹಿಡಿದು, ತುದಿಗೆ ತುದಿ ಕುಟ್ಟಿ ಕಾದಾಡಿಸುವರು. ಒಡೆದ ಮೊಟ್ಟೆ, ಅದರ ಮೇಲಿನ ಚಿತ್ತಾರ ಯಾರದೇ ಆಗಿರಲಿ, ಗೆದ್ದವನ ಪಾಲು.