ಗಣಿಯ ಮಣ್ಣಲ್ಲಿ ಬೀಜಾಣು ಎಣಿಸುವ ವಿದ್ಯೆ

ಸಂಡೂರಿನ ಬೆಟ್ಟದಲ್ಲಿ ಅದಿರು ಕೈಗೆ ಸಿಗಬೇಕಾದರೆ ಮೊದಲು ಮೇಲಿನ ಮಣ್ಣು, ಕಲ್ಲು ಕಿತ್ತು ಬದಿಗೆ ಸುರಿಯಬೇಕು. ಹಾಗೆ ಸುರಿದ ಡಂಪ್‌ಗಳು ದೋಣಿಮಲೈ, ದೇವಗಿರಿ, ಕುಮಾರಸ್ವಾಮಿ ಬೆಟ್ಟಸಾಲಿನ ಮಗ್ಗುಲಲ್ಲಿ ಬೇರೆಯೇ ಗುಡ್ಡಗಳಾಗಿ ಬೆಳೆದವು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ 2009ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಅಕ್ರಮ ಹೆಚ್ಚಿದ್ದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ‘ಎ’ ಮತ್ತು ‘ಬಿ’ ವರ್ಗದ ಗಣಿಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟಿತು. ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಆ ಷರತ್ತುಗಳಲ್ಲಿ ಮುಖ್ಯವಾದದ್ದು. ಡಂಪ್‌ಗಳನ್ನು ಮೆಟ್ಟಿಲಾಗಿ ಕಡಿದು ಗಿಡ ನೆಡುವುದು ಅಲ್ಲಿಂದ ಕಡ್ಡಾಯದ ಕೆಲಸವಾಯಿತು.

ನೆಟ್ಟ ಗಿಡ ಬದುಕಲು ನೀರೊಂದೇ ಸಾಲದು. ಇಲ್ಲಿನ ಕೆಂಪು ಮಣ್ಣಲ್ಲಿ ಕಬ್ಬಿಣದ ಆಕ್ಸೈಡು ತುಂಬಿದೆ. ಅದು ರಂಜಕವನ್ನು ಬಿಗಿಯಾಗಿ ಕಟ್ಟಿ ಹಾಕುತ್ತದೆ. ಬೇರಿನ ರೋಮ ಒಂದೆರಡು ಮಿಲಿಮೀಟರ್ ಆಚೆಗೆ ಚಾಚುವುದಿಲ್ಲ. ಸುತ್ತಲಿನ ರಂಜಕ ಮುಗಿದರೆ ಗಿಡ ಅಲ್ಲಿಗೆ ಸೊರಗುತ್ತದೆ. ಕಾಡಿನಲ್ಲಿ ಈ ಕೊರತೆ ನೀಗಿಸುವುದು ಬೇರಿನೊಳಗೆ ಮನೆ ಮಾಡಿಕೊಂಡ ಶಿಲೀಂಧ್ರ. ಅದರ ಎಳೆಗಳು ಸೆಂಟಿಮೀಟರ್‌ಗಟ್ಟಲೆ ದೂರ ಹರಿದು ರಂಜಕ ತರುತ್ತವೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ. ನಮ್ಮ ರೈತರು ವ್ಯಾಮ್ ಎಂದು ಚೀಲದಲ್ಲಿ ಕೊಳ್ಳುವ ಮೈಕೋರೈಜಾ ಇದೇ. ಇದರ ಬೀಜಾಣುಗಳು ಒಂದು ಗ್ರಾಂ ಮಣ್ಣಿನಲ್ಲಿ ಎಷ್ಟಿವೆ ಎಂಬುದು ಮಣ್ಣಿನ ಬಲ ಅಳೆಯುವ ಒಂದು ದಾರಿ.

ಆ ದಾರಿ ಸುಲಭಕ್ಕೆ ತೆರೆದುಕೊಳ್ಳಲಿಲ್ಲ. ಜರ್ಮನಿಯ ಫ್ರಾಂಕ್ 1885ರಲ್ಲಿ ಬೇರು–ಶಿಲೀಂಧ್ರಗಳ ಸಹಬಾಳ್ವೆಗೆ ಮೈಕೋರೈಜಾ ಎಂದು ಹೆಸರಿಟ್ಟಿದ್ದ. ಆದರೆ ಬಹುಪಾಲು ಬೆಳೆಗಳ ಬೇರಿನೊಳಗೆ ಕಾಣುವ ಶಿಲೀಂಧ್ರ ಯಾವುದು, ಅದರ ಬೀಜಾಣು ಎಲ್ಲಿ ಎಂಬುದು ದಶಕಗಳ ಕಾಲ ಒಗಟಾಗಿತ್ತು. 1953ರಲ್ಲಿ ಇಂಗ್ಲೆಂಡಿನ ಬಾರ್ಬರಾ ಮಾಸ್ ಸ್ಟ್ರಾಬೆರಿ ಬೇರಿಗೆ ಅಂಟಿಕೊಂಡ ಬೀಜಾಣುಗಳನ್ನು ತೋರಿಸಿಕೊಟ್ಟರು. 1955ರಲ್ಲಿ ಅಮೆರಿಕದ ಗೆರ್ಡೆಮನ್ ಮಣ್ಣಿನಿಂದ ಹೆಕ್ಕಿದ ದೊಡ್ಡ ಬೀಜಾಣುವಿನಿಂದಲೇ ಗಿಡದ ಬೇರಿಗೆ ಶಿಲೀಂಧ್ರ ಹತ್ತಿಸಿದರು. 1963ರಲ್ಲಿ ಅವರೂ ನಿಕೋಲ್ಸನ್ನರೂ ಸೇರಿ ಪ್ರಕಟಿಸಿದ ಜರಡಿ ವಿಧಾನ ಇಂದಿಗೂ ಪ್ರಪಂಚದ ಹಲವು ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಮಣ್ಣನ್ನು ನೀರಿಗೆ ಕಲಸಿ, ದಪ್ಪ ಮರಳು ತಳಕ್ಕಿಳಿಯಲು ಬಿಟ್ಟು, ಮೇಲಿನ ನೀರನ್ನು ಒಂದರ ಕೆಳಗೊಂದು ಸಣ್ಣ ಕಣ್ಣಿನ ಜರಡಿಗಳಲ್ಲಿ ಸೋಸುವುದು. ಈ ಬೀಜಾಣುಗಳು ಶಿಲೀಂಧ್ರ ಲೋಕದಲ್ಲೇ ದೈತ್ಯರು. ಕೆಲವಂತೂ ಅರ್ಧ ಮಿಲಿಮೀಟರ್ ಮುಟ್ಟುತ್ತವೆ, ಬರಿಗಣ್ಣಿಗೇ ಚುಕ್ಕಿಯಾಗಿ ಕಾಣುತ್ತವೆ.

ಜರಡಿಯಲ್ಲಿ ಬೀಜಾಣುವಿನ ಜೊತೆ ಅದೇ ಗಾತ್ರದ ಮಣ್ಣಿನ ಕಣವೂ ಉಳಿಯುತ್ತದೆ. ಅವೆರಡನ್ನು ಬೇರ್ಪಡಿಸಲು ನೆರವಾದದ್ದು ಬೀಜಾಣುವಿನ ಸ್ವಂತ ಸಾಂದ್ರತೆ. ಅದು ನೀರಿಗಿಂತ ಭಾರ, ಖನಿಜದ ಕಣಕ್ಕಿಂತ ಬಲು ಹಗುರ. 1957ರಲ್ಲಿ ಓಮ್ಸ್ ಎಂಬ ವಿಜ್ಞಾನಿ ಬೀಜಾಣುಗಳನ್ನು ತೇಲಿಸಿ ಹಿಡಿಯುವ ಕ್ರಮ ಬರೆದರು. 1964ರಲ್ಲಿ ಜೆಂಕಿನ್ಸ್ ದುಂಡುಹುಳುಗಳಿಗಾಗಿ ರೂಪಿಸಿದ ಸಕ್ಕರೆ ದ್ರಾವಣದ ಸೆಂಟ್ರಿಫ್ಯೂಜ್ ವಿಧಾನವನ್ನು ಮೈಕೋರೈಜಾದವರೂ ಅಪ್ಪಿಕೊಂಡರು. ಗಟ್ಟಿ ಸಕ್ಕರೆ ನೀರಲ್ಲಿ ತಿರುಗಿಸಿದರೆ ಖನಿಜ ತಳಕ್ಕೆ, ಬೀಜಾಣು ಮೇಲಕ್ಕೆ. ಹೆಚ್ಚು ಹೊತ್ತು ಬಿಟ್ಟರೆ ಸಕ್ಕರೆ ಬೀಜಾಣುವಿನ ನೀರು ಹೀರಿ ಸುಕ್ಕುಗಟ್ಟಿಸುತ್ತದೆ, ಕೂಡಲೇ ತೊಳೆಯಬೇಕು. ಭಾರದ ವ್ಯತ್ಯಾಸದಿಂದ ಒಳ್ಳೆಯದನ್ನೂ ಹೊಲಸನ್ನೂ ಬೇರೆ ಮಾಡುವ ಕೆಲಸ ಸಂಡೂರಿಗೆ ಹೊಸದಲ್ಲ. ಅದಿರು ಶುದ್ಧೀಕರಣದಲ್ಲೂ ನಡೆಯುವುದು ಇದೇ ತತ್ತ್ವ.

ಬೀಜಾಣುಗಳು ಎಷ್ಟು ಒತ್ತಾಗಿವೆ ಎಂಬುದು ಅವುಗಳ ನಡವಳಿಕೆಯನ್ನೂ ಬದಲಿಸುತ್ತದೆ. ಇದು ಚೆನ್ನಾಗಿ ಗೊತ್ತಾದದ್ದು ಬೇರೊಂದು ಜಾತಿಯ ಶಿಲೀಂಧ್ರದಲ್ಲಿ. ನಮ್ಮ ಸೀಮೆಯ ಶೇಂಗಾ ಎಲೆಗೆ ಬರುವ ತುಕ್ಕು ರೋಗದ ಬೀಜಾಣುಗಳು ವಿರಳವಾಗಿದ್ದರೆ ಮೊಳೆಯುತ್ತವೆ. ಕಿಕ್ಕಿರಿದಿದ್ದರೆ ಮೊಳಕೆ ತಡೆಯುವ ರಾಸಾಯನಿಕವನ್ನು ತಾವೇ ಸೂಸಿ ಸುಮ್ಮನೆ ಕೂರುತ್ತವೆ. ನೀರಲ್ಲಿ ತೊಳೆದರೆ ಮತ್ತೆ ಮೊಳೆಯುತ್ತವೆ. ಆ ರಾಸಾಯನಿಕದ ಗುರುತು ಸಿಕ್ಕಿದ್ದು 1970ರ ದಶಕದಲ್ಲಿ. ಆದ್ದರಿಂದ ಪ್ರಯೋಗಾಲಯದಲ್ಲಿ ತಟ್ಟೆಗೆ ಎಷ್ಟು ಬೀಜಾಣು ಹಾಕಿದರು ಎಂದು ತಿಳಿಯದೆ ಮೊಳಕೆಯ ಪ್ರಮಾಣ ಹೇಳಿದರೆ ಆ ಅಂಕಿಗೆ ಅರ್ಥವಿಲ್ಲ.

ಮೈಕೋರೈಜಾ ವಿದ್ಯೆಯನ್ನು ಕರ್ನಾಟಕಕ್ಕೆ ತಂದು ಬೆಳೆಸಿದವರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಭಾಗ್ಯರಾಜ್ ಹೆಸರು ಮೊದಲು ಬರುತ್ತದೆ. ಈ ಶಿಲೀಂಧ್ರವನ್ನು ಬೇರಿಲ್ಲದೆ ಬರಿಯ ತಟ್ಟೆಯಲ್ಲಿ ಬೆಳೆಸಿ ಪೂರೈಸಲು ಬಾರದು, ಜೀವಂತ ಬೇರು ಬೇಕು. ಯಾವ ಗಿಡದ ಬೇರು? ಭಾಗ್ಯರಾಜ್ ಮತ್ತು ಮಂಜುನಾಥ್ 1980ರಲ್ಲಿ ಗಿನಿ ಹುಲ್ಲು ಒಳ್ಳೆಯದೆಂದರು. 1988ರಲ್ಲಿ ಶ್ರೀನಿವಾಸ ಮತ್ತು ಭಾಗ್ಯರಾಜ್ ರೋಡ್ಸ್ ಹುಲ್ಲು ಇನ್ನೂ ಮೇಲೆಂದು ತೋರಿಸಿದರು. ಇಂಥ ಆಯ್ಕೆಗಳಲ್ಲಿ ಬೇರಿಗೆ ಶಿಲೀಂಧ್ರ ಎಷ್ಟು ಹತ್ತಿದೆ, ಮಣ್ಣಲ್ಲಿ ಬೀಜಾಣು ಎಷ್ಟು ತುಂಬಿದೆ ಎಂಬುದೇ ಅಳತೆಗೋಲು. ಇಂದು ಅಂಗಡಿಗೆ ಬರುವ ವ್ಯಾಮ್ ಚೀಲದ ಹಿಂದೆ ಈ ತಾಳ್ಮೆಯ ಎಣಿಕೆ ಇದೆ.

ಎಣಿಕೆಯನ್ನೇ ನಂಬಿದರೂ ಮೋಸ ಹೋಗುತ್ತೇವೆ. ಸತ್ತ ಬೀಜಾಣುವೂ ಸೂಕ್ಷ್ಮದರ್ಶಕದಡಿ ಬೀಜಾಣುವೇ. ಗಣಿಯಲ್ಲಿ ಮೇಲ್ಮಣ್ಣನ್ನು ಕಿತ್ತು ರಾಶಿ ಹಾಕಿದಾಗ ಶಿಲೀಂಧ್ರದ ಎಳೆಗಳ ಬಲೆ ಹರಿಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಜಾಸ್ಪರ್, ಆಬಟ್, ರಾಬ್ಸನ್ ಅವರು 1989ರಲ್ಲಿ ಮಣ್ಣನ್ನು ಕದಡುವುದರಿಂದಲೇ ಎಳೆಗಳ ಸೋಂಕುವ ಶಕ್ತಿ ಕುಂದುತ್ತದೆಂದು ತೋರಿಸಿದರು. ರಾಶಿಯ ಒದ್ದೆಯಲ್ಲಿ ಬೀಜಾಣು ಮೊಳೆತರೂ ಬೇರು ಸಿಗದೆ ಕೂಡಿಟ್ಟ ಶಕ್ತಿ ಕರಗಿಸಿಕೊಳ್ಳುತ್ತದೆ. ಆದ್ದರಿಂದ ಬೀಜಾಣು ಎಣಿಸುವುದರ ಜೊತೆಗೇ ಅದೇ ಮಣ್ಣಲ್ಲಿ ಸಸಿ ಬೆಳೆಸಿ ಬೇರಿಗೆ ಎಷ್ಟು ಹತ್ತಿತೆಂದೂ ನೋಡಬೇಕು. ಮೇಲ್ಮಣ್ಣನ್ನು ವರ್ಷಗಟ್ಟಲೆ ರಾಶಿಯಲ್ಲಿ ಕೊಳೆಸದೆ, ತೆಗೆದ ಕೂಡಲೇ ಸಿದ್ಧವಾದ ಇಳಿಜಾರಿಗೆ ಹರಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಹೊರಗಿನ ಚೀಲ ತಂದು ಸುರಿಯುವ ಮಾತು ಆಮೇಲಿನದು. ದಿಂಡಿಗ, ಕಮರ, ತುಗ್ಗಲಿ ಮರಗಳ ಜೊತೆ ಈ ಬೆಟ್ಟದಲ್ಲೇ ಬಾಳಿದ ಶಿಲೀಂಧ್ರಕ್ಕೆ ಇಲ್ಲಿನ ಕಬ್ಬಿಣವೂ ಬಿಸಿಲೂ ಪರಿಚಿತ.

ಇದಕ್ಕೆ ದುಬಾರಿ ಯಂತ್ರ ಬೇಡ. ಜರಡಿ, ಸಕ್ಕರೆ, ಸಣ್ಣ ಸೆಂಟ್ರಿಫ್ಯೂಜ್, ಸೂಕ್ಷ್ಮದರ್ಶಕ ಸಾಕು. ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ, ಹೊಸಪೇಟೆಯ ಪದವಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಒಂದು ಡಂಪಿನ ಮಣ್ಣನ್ನೂ ಪಕ್ಕದ ಕಾಡಿನ ಮಣ್ಣನ್ನೂ ಮಳೆಗೆ ಮುಂಚೆ, ಮಳೆಯ ನಂತರ ಎಣಿಸಿ ನೋಡಬಹುದು. ಗಣಿ ಕಂಪನಿಗಳು ಎಷ್ಟು ಸಸಿ ನೆಟ್ಟೆವೆಂಬ ಲೆಕ್ಕದ ಪಕ್ಕದಲ್ಲೇ ಒಂದು ಗ್ರಾಂ ಮಣ್ಣಿನ ಬೀಜಾಣುಗಳ ಲೆಕ್ಕವನ್ನೂ ಬೇರಿನ ಪರೀಕ್ಷೆಯ ಫಲಿತಾಂಶವನ್ನೂ ಪ್ರತಿ ವರ್ಷ ಪ್ರಕಟಿಸಲಿ. ಸಂಡೂರಿನ ಜನ ಅದನ್ನು ಕೇಳಿ ಪಡೆಯಬೇಕು.