ಹಲ್ಲಿನ ಕಲೆ, ಒಸಡಿನ ರಕ್ತ

ಇಂಡಿ ತಾಲ್ಲೂಕಿನ ಸಾಲೋಟಗಿಯ ಹೆಸರು ಇತಿಹಾಸ ಬಲ್ಲವರಿಗೆ ಹೊಸದಲ್ಲ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವು ಅಲ್ಲಿ ನಾನಾ ದೇಶಗಳಿಂದ ಬಂದು ನೆಲಸಿದ ವಿದ್ಯಾರ್ಥಿಗಳ ಶಾಲೆಯೊಂದನ್ನೂ, ಅವರ ವಾಸಕ್ಕೆ ಮೀಸಲಾದ 27 ಮನೆಗಳನ್ನೂ ಹೇಳುತ್ತದೆ. ಇಂದು ಅದೇ ಸೀಮೆಯ ಹಲವು ಊರುಗಳಲ್ಲಿ ಶಾಲೆಗೆ ಹೋಗುವ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನಾನು ಕಂಡಿದ್ದೇನೆ. ಅವರ ನಾಚಿಕೆಗೆ ಕಾರಣ ಹಲ್ಲಿನ ಮೇಲಿನ ಕಂದು ಕಲೆ.

ಈ ಕಲೆ ಕೊಳೆಯಲ್ಲ. ವಿಜಯಪುರ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ, ನೆಲದೊಳಗಿನ ಕಲ್ಲಿನಿಂದ ಕರಗಿ ಬಂದ ಫ್ಲೋರೈಡಿನ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಿತಿಮೀರಿದ ನೀರನ್ನು ಸುಮಾರು ಎಂಟು ವರ್ಷದೊಳಗಿನ ಮಕ್ಕಳು ಕುಡಿಯುತ್ತ ಬಂದರೆ, ಒಸಡಿನ ಮರೆಯಲ್ಲಿ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಹೊರಪದರ ಬಲಿಯುವುದಿಲ್ಲ. ಹಲ್ಲು ಸುಣ್ಣದಂಥ ಬಿಳಿ ಮಚ್ಚೆ ಹೊತ್ತು ಹುಟ್ಟುತ್ತದೆ. ಬರಬರುತ್ತ ಅದು ಕಂದಿಗೆ ತಿರುಗುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ. ಶುದ್ಧೀಕರಿಸಿದ ನದಿಯ ನೀರು, ಸ್ವಚ್ಛವಾಗಿ ಹಿಡಿದಿಟ್ಟ ಮಳೆಯ ನೀರು, ಫ್ಲೋರೈಡ್ ತೆಗೆಯುವ ಯಂತ್ರದ ನೀರು, ಇವೇ ಮಕ್ಕಳಿಗೆ ದಾರಿ.

ಕಲೆಯನ್ನು ಕೊಳೆಯೆಂದು ಬಗೆದವರು ಇದ್ದಿಲು, ಇಟ್ಟಿಗೆಪುಡಿ, ಸುಟ್ಟ ತಂಬಾಕಿನ ಪುಡಿಗಳಿಂದ ಹಲ್ಲನ್ನು ಉಜ್ಜುತ್ತಾರೆ. ಕಲೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ, ಒಸಡು ಕೆಳಸರಿಯುತ್ತದೆ, ತಂಬಾಕಿನ ಚಟವೂ ಹತ್ತುತ್ತದೆ. ಹೀಗೆ ಕಲೆಗೆ ಅಂಜುವ ನಾವು, ಉಗುಳಿನಲ್ಲಿ ಕಾಣುವ ರಕ್ತಕ್ಕೆ ಮಾತ್ರ ಅಂಜುವುದಿಲ್ಲ. ನಿಜವಾಗಿ ಅಂಜಬೇಕಾದದ್ದು ಅದಕ್ಕೆ.

ಹಲ್ಲು ಮತ್ತು ಒಸಡು ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿಗಳ ಅಂಟು ಪದರ ದಿನವೂ ಕಟ್ಟುತ್ತದೆ. ತೆಗೆಯದಿದ್ದರೆ ಅದು ಕಿಟ್ಟವಾಗಿ ಗಟ್ಟಿಯಾಗುತ್ತದೆ. ಒಸಡು ಕೆಂಪಾಗಿ ಬಾತು, ಮುಟ್ಟಿದರೆ ರಕ್ತ ಒಸರುತ್ತದೆ. ನೋವಿಲ್ಲ, ಆದ್ದರಿಂದಲೇ ಅಲಕ್ಷ್ಯ. ಈ ಹಂತದಲ್ಲಿ ಶುಚಿ ಮಾಡಿದರೆ ಒಸಡು ಮೊದಲಿನಂತಾಗುತ್ತದೆ. ಮುಂದಿನ ಹಂತದಲ್ಲಿ ಹಲ್ಲನ್ನು ಹಿಡಿದ ಎಲುಬು ಕರಗುತ್ತದೆ. ಕರಗಿದ ಎಲುಬು ತಾನಾಗಿ ಮರಳಿ ಬರುವುದಿಲ್ಲ. ತಂಬಾಕು ಸೇದುವವರಲ್ಲಿ ರಕ್ತಸ್ರಾವ ಕಡಿಮೆ ಕಾಣುವುದರಿಂದ ರೋಗ ಮರೆಯಲ್ಲೇ ಬೆಳೆಯುತ್ತದೆ. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ನಂಬಿಕೆ ನಮ್ಮಲ್ಲಿದೆ. ಹಲ್ಲನ್ನು ಸಡಿಲಿಸಿದ್ದು ರೋಗ. ಕಿಟ್ಟ ಅದನ್ನು ಮುಚ್ಚಿತ್ತು, ಅಷ್ಟೆ.

ಬಾಯಿಯ ಈ ಬೇನೆ ಬಾಯಿಯಲ್ಲೇ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಒಸಡು ಬೇಗ ಕೆಡುತ್ತದೆ. ಒಸಡಿನ ಉರಿಯೂತ ಉಳಿದರೆ ರಕ್ತದ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಒಂದರ ಚಿಕಿತ್ಸೆ ಇನ್ನೊಂದಕ್ಕೂ ನೆರವು. ಹಲ್ಲು ಹೋದ ಮುದುಕರು ರೊಟ್ಟಿ, ಕಾಳು, ಹಸಿ ತರಕಾರಿ ಬಿಟ್ಟು ಮೆತ್ತನೆಯ ಆಹಾರಕ್ಕೆ ಇಳಿಯುತ್ತಾರೆ. ಮೈಗೆ ಸಿಗಬೇಕಾದ ಪೋಷಣೆ ತಪ್ಪುತ್ತದೆ. ಕಡಲೆ ಮತ್ತು ಹಲ್ಲಿನ ಗಾದೆ ಇಲ್ಲಿಗೂ ಒಪ್ಪುತ್ತದೆ.

ಉಪಾಯ ಹಳೆಯದೇ. ದಂತಕಾಷ್ಠದ ತುದಿ ಮೆದುವಾಗಿರಬೇಕು, ಬೆಳಿಗ್ಗೆ ಮತ್ತು ಊಟವಾದ ಮೇಲೆ ಒಸಡಿಗೆ ನೋವಾಗದಂತೆ ಉಜ್ಜಬೇಕು ಎಂಬ ವಿವೇಕ ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿಯೇ ಇದೆ. ಇಂದಿನ ವೈದ್ಯರೂ ಮೆದು ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಎರಡು ನಿಮಿಷ ಉಜ್ಜಲು ಹೇಳುತ್ತಾರೆ. ಮಲಗುವ ಮುನ್ನ ಉಜ್ಜುವುದು ತಪ್ಪಕೂಡದು. ನಿಂಬೆಯ ನಾಡಾದ ಇಂಡಿಯವರಿಗೆ ಇನ್ನೊಂದು ಮಾತು: ನಿಂಬೆಯ ಪಾನಕ ಕುಡಿದ ಕೂಡಲೇ ಹಲ್ಲುಜ್ಜಬೇಡಿ. ಹುಳಿಯಿಂದ ಮೆತ್ತಗಾದ ಹೊರಪದರ ಸವೆಯುತ್ತದೆ. ಬಾಯಿ ಮುಕ್ಕಳಿಸಿ ಅರ್ಧ ಗಂಟೆ ತಡೆಯಿರಿ.

ರಕ್ತ ಬಂದ ಕಡೆ ಉಜ್ಜುವುದನ್ನು ಬಿಡುವವರೇ ಹೆಚ್ಚು. ಅಲ್ಲಿಯೇ ಮೃದುವಾಗಿ ಶುಚಿ ಮಾಡಬೇಕು. ಒಂದೆರಡು ವಾರಗಳಲ್ಲಿ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಇರುವವರೂ ಬಸುರಿಯರೂ ಅಷ್ಟು ಕಾಯುವುದೂ ಬೇಡ. ಮಗುವಿನ ಹಲ್ಲಿನಲ್ಲಿ ಕಲೆ ಕಂಡರೆ ಮನೆಯ ನೀರನ್ನು ಪರೀಕ್ಷೆ ಮಾಡಿಸಿರಿ. ಉಗುಳಿನಲ್ಲಿ ರಕ್ತ ಕಂಡರೆ ಒಸಡನ್ನು ತೋರಿಸಿರಿ.