ಆರನೆಯ ಮಣಿ

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮೋಗ್ಲೋಬಿನ್ ಒಂದು ಪ್ರೋಟೀನು. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ನಾಲ್ಕು ಸರಗಳು ಸುತ್ತಿ ಮಡಿಚಿಕೊಂಡು ಅದರ ಒಂದು ಅಣುವಾಗಿವೆ. ಒಟ್ಟು ಮಣಿಗಳು 574. ಇಷ್ಟರಲ್ಲಿ ಒಂದೆರಡು ಬೇರೆಯಾದರೆ ಏನು ಮಹಾ ಎಂದು ತಾವು ಕೇಳಬಹುದು.

ಅನೇಕ ವೇಳೆ ಏನೂ ಆಗುವುದಿಲ್ಲ. ಹಂದಿಯ ಇನ್ಸುಲಿನ್ನಿಗೂ ನಮ್ಮದಕ್ಕೂ ಒಂದೇ ಮಣಿಯ ವ್ಯತ್ಯಾಸ. ಅದೂ ಸರದ ತುದಿಯಲ್ಲಿ, ಕೆಲಸಕ್ಕೆ ಅಡ್ಡಿಯಾಗದ ಕಡೆ. ಹಂದಿಯ ಇನ್ಸುಲಿನ್ ದಶಕಗಳ ಕಾಲ ಸಕ್ಕರೆ ಕಾಯಿಲೆಯವರ ಜೀವ ಕಾಯಿತು.

ಆದರೆ ಹೀಮೋಗ್ಲೋಬಿನ್ನಿನ ಬೀಟಾ ಸರದ ಆರನೆಯ ಮಣಿಯ ಕಥೆಯೇ ಬೇರೆ. ಅಲ್ಲಿರಬೇಕಾದದ್ದು ಗ್ಲುಟಾಮಿಕ್ ಆಮ್ಲ. ವಿದ್ಯುದಂಶವುಳ್ಳದ್ದು, ನೀರಿನೊಡನೆ ಹೊಂದಿಕೊಳ್ಳುವಂಥದು. ಕೆಲವರಲ್ಲಿ ಆ ಜಾಗದಲ್ಲಿ ವ್ಯಾಲಿನ್ ಇರುತ್ತದೆ. ಇದಕ್ಕೆ ಎಣ್ಣೆಯ ಸ್ವಭಾವ, ನೀರೆಂದರೆ ಆಗದು. ಆಮ್ಲಜನಕವನ್ನು ಇಳಿಸಿದೊಡನೆ ಅಣುವಿನ ಆಕಾರ ಕೊಂಚ ಬದಲಾಗುತ್ತದಷ್ಟೆ. ಆಗ ಈ ವ್ಯಾಲಿನ್ ಪಕ್ಕದ ಅಣುವಿನ ಕುಳಿಯೊಂದರಲ್ಲಿ ಸೇರಿ ಕೂರುತ್ತದೆ. ಒಂದಕ್ಕೊಂದು ಅಂಟಿ ಬಿರುಸಾದ ಎಳೆಗಳಾಗುತ್ತವೆ. ದುಂಡನೆಯ ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ರೋಗಿಗೆ ಮೂಳೆ, ಸಂದು, ಎದೆಗಳಲ್ಲಿ ತಡೆಯಲಾರದ ನೋವು. 120 ದಿನ ಬಾಳಬೇಕಾದ ಕಣ 10-20 ದಿನಗಳಲ್ಲೇ ನಾಶವಾಗುತ್ತದೆ.

ರೋಗದ ಮೂಲ ಹೀಮೋಗ್ಲೋಬಿನ್ನಿನಲ್ಲೇ ಇದೆಯೆಂದು 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದರು. ಬಳಿಕ ಕೇಂಬ್ರಿಜ್ಜಿನಲ್ಲಿ ವರ್ನನ್ ಇಂಗ್ರಾಂ ಆ ಪ್ರೋಟೀನನ್ನು ತುಂಡುಗಳಾಗಿಸಿ ಕಾಗದದ ಮೇಲೆ ಹರಡಿ ನೋಡಿದರು. ಎಲ್ಲ ಚುಕ್ಕೆಗಳೂ ಸರಿಯಾಗಿದ್ದುವು, ಒಂದು ಮಾತ್ರ ಜಾಗ ತಪ್ಪಿತ್ತು! 1957ರ ವೇಳೆಗೆ ಅದಲುಬದಲಾದ ಮಣಿ ಯಾವುದೆಂಬುದೂ ತಿಳಿಯಿತು. ಅದೇ ಆರನೆಯ ಜಾಗದಲ್ಲಿ ಲೈಸಿನ್ ಬಂದರೆ ಇಂಥ ಎಳೆಗಳಾಗುವುದಿಲ್ಲ. ತೊಂದರೆಯೂ ಬಹಳ ಕಡಮೆ. ಜಾಗವಷ್ಟೇ ಅಲ್ಲ, ಬಂದು ಕುಳಿತ ಮಣಿಯ ಗುಣವೂ ಮುಖ್ಯ.

ಇದು ದೂರದ ಮಾತಲ್ಲ. 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿ ಈ ಕುಡುಗೋಲು ಕಣಗಳು ಕಂಡುಬಂದುವು. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲೂ ಈ ರೋಗವುಂಟು. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ದೋಷ ಬಂದವರು ಸಾಮಾನ್ಯವಾಗಿ ಆರೋಗ್ಯದಿಂದಿರುತ್ತಾರೆ, ಮಲೇರಿಯಾದ ಉಗ್ರತೆಯಿಂದ ಅವರಿಗೆ ರಕ್ಷಣೆಯೂ ಉಂಟು. ಅಂಥ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ರೋಗ ಬರುವ ಸಂಭವ. ಇದನ್ನು ಮೊದಲೇ ತಿಳಿಯಲು ಸಾಧಾರಣ ರಕ್ತಪರೀಕ್ಷೆ ಸಾಕು. 2023ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಇಂಥ ಪರೀಕ್ಷೆಯನ್ನು ಹಾಡಿಗಳಿಗೇ ಒಯ್ಯಲಾಗುತ್ತಿದೆ.